ವ್ಯಾಟು ಅಂದ್ರೆ ನಾದ ಅಲ್ಲ ಸ್ವಾಮಿ!

"ಎಷ್ಟು ವ್ಯಾಟು?"

ಸ್ಪೀಕರ್ ಅಂದ ಕೂಡಲೇ ನಮ್ಮ ಜನ ಕೇಳೋ ಮೊದಲ ಪ್ರಶ್ನೆ ಇದು. ಕೊನೆಯದೂ ಇದೇ. ಈ ಒಂದು ಪ್ರಶ್ನೆಯ ದೆಸೆಯಿಂದ ನಮ್ಮ ಬೇಲೂರಿನ ಅಟ್ಟಗಳಲ್ಲಿದ್ದ ಎಷ್ಟೋ ಒಳ್ಳೊಳ್ಳೆ ಸ್ಪೀಕರುಗಳು ತೂಕದ ಲೆಕ್ಕದಲ್ಲಿ ಗುಜರಿ ಸೇರಿದವು ಅನ್ನೋದು ನನ್ನ ಸಿಟ್ಟು. ನನಗೆ ಚಿಕ್ಕಂದಿನಿಂದಲೂ ಇವುಗಳ ಹುಚ್ಚು. ಮನೆಯವಳ ಪ್ರಕಾರ ಹಾಲ್‌ನಲ್ಲಿರೋವು ಜಾಗ ತಿನ್ನೋ ಎರಡು ಬೀರು. ಇರಲಿ :)

ವ್ಯಾಟು ಅಂದ್ರೆ ಸ್ಪೀಕರ್ ತಿನ್ನೋ ಕರೆಂಟು, ಹಾಡೋ ಹಾಡಲ್ಲ! ಒಂದು ವ್ಯಾಟು ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತೆ ಅಂತ ಅಳೀತಾರೆ. 98 ಡೆಸಿಬೆಲ್ ಕೊಡೋ ಸ್ಪೀಕರು 10 ವ್ಯಾಟಿನಲ್ಲಿ ಮಾಡೋ ಸದ್ದಿಗೆ, 88 ಕೊಡೋ ಸ್ಪೀಕರಿಗೆ 100 ವ್ಯಾಟು ಬೇಕು. ವಾಲ್ವ್ ಕಾಲದ ಆಂಪ್ಲಿಫೈಯರುಗಳಲ್ಲಿ ಹೆಚ್ಚಿನವು ಕೊಡ್ತಿದ್ದದ್ದೇ ಹತ್ತಿಪ್ಪತ್ತು ವ್ಯಾಟು. ಅಷ್ಟರಲ್ಲೇ ಮನೆ ತುಂಬಬೇಕಿತ್ತು. ಅದಕ್ಕೇ ದೊಡ್ಡ ಪೆಟ್ಟಿಗೆ, ಹಗುರ ಕಾಗದದ ಕೋನು, ಬಲವಾದ ಅಯಸ್ಕಾಂತ. 1946ರ ಕ್ಲಿಪ್ಶ್‌ಹಾರ್ನ್, 1947ರ ಟ್ಯಾನಾಯ್ ಡ್ಯುಯಲ್ ಕಾನ್ಸೆಂಟ್ರಿಕ್ ಹುಟ್ಟಿದ್ದು ಆ ಕಾಲದಲ್ಲಿ. ಆಮೇಲೆ ಟ್ರಾನ್ಸಿಸ್ಟರ್ ಬಂತು, ವ್ಯಾಟು ಅಗ್ಗವಾಯ್ತು, ಪೆಟ್ಟಿಗೆ ಸಣ್ಣದಾಯ್ತು. ಅಮೆರಿಕದ ಕೆಎಲ್ಎಚ್ ಕಂಪನಿ ಕಟ್ಟಿದವರಲ್ಲಿ ಒಬ್ಬನಾದ ಹಾಫ್‌ಮನ್ ಹೆಸರಲ್ಲಿ ಒಂದು ನಿಯಮವೇ ಇದೆ: ಸಣ್ಣ ಪೆಟ್ಟಿಗೆ, ಆಳದ ಬಾಸ್, ಕಮ್ಮಿ ಕರೆಂಟಿಗೆ ಜೋರು ಸದ್ದು, ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತೆ. ಇವತ್ತಿಗೂ ಅದನ್ನ ಮೀರಿದವರಿಲ್ಲ.

ಅಂಗಡಿಯವರು ಮಾತ್ರ ಮೀರಿದ್ರು! ಪಿಎಂಪಿಓ ಅನ್ನೋ ಹೆಸರಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಕ್ಕೆ 1000 ವ್ಯಾಟ್ ಅಂತ ಚೀಟಿ ಅಂಟಿಸಿದ್ರು. ಅದನ್ನ ಅಳೆಯೋಕೆ ಒಪ್ಪಿತವಾದ ಕ್ರಮವೇ ಇಲ್ಲ. ನಾವು ನಂಬಿದ್ವಿ, ಅಪ್ಪನ ಕಾಲದ ಮರದ ಪೆಟ್ಟಿಗೆ ಹೊರಗಿಟ್ವಿ.

ಇದು ಮನೆಯೊಳಗೇ ಮುಗಿದಿದ್ರೆ ಪರವಾಗಿರಲಿಲ್ಲ. ಅದೇ ವ್ಯಾಟಿನ ಹುಚ್ಚು ಬೀದಿಗೂ ಬಂದಿದೆ. ಮೆರವಣಿಗೆಯಲ್ಲಿ ನಾಗಸ್ವರದವರು ಕೆನ್ನೆ ಉಬ್ಬಿಸಿ ನುಡಿಸ್ತಿರ್ತಾರೆ, ಹಿಂದಿನ ಟ್ರಾಕ್ಟರಿನ ಬಾಕ್ಸು ಅದನ್ನ ನುಂಗಿ ಹಾಕುತ್ತೆ. ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಅಂತ 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತೆ. ಕಿಟಕಿ ಗಾಜು ಅದುರೋವಾಗ ಯಾರಿಗೆ ನೆನಪಾಗುತ್ತೆ? ಕಿವಿ ಒಮ್ಮೆ ಜೋರಿಗೆ ಒಗ್ಗಿಕೊಂಡ್ರೆ ಮೆಲುದನಿ ಅದಕ್ಕೆ ರುಚಿಸಲ್ಲ. ನನಗಿರೋ ಭಯ ಇದೇ.

"ಹಳೇದೆಲ್ಲ ಚಿನ್ನ ಅಂತೀಯೇನೋ?" ಅಂತ ಗೆಳೆಯರು ಕಾಲೆಳೀತಾರೆ. ಖಂಡಿತ ಇಲ್ಲ ಮಾರಾಯ್ರೆ. ಹಳೇದರಲ್ಲೂ ಬೇಕಾದಷ್ಟು ಕಸ ಇತ್ತು. ಹೊಸದರಲ್ಲೂ ಅದ್ಭುತವಾದವು ಇವೆ, ದುಡ್ಡು ಸುರಿಯೋಕೆ ತಯಾರಿದ್ರೆ. ಹಾಗಂತ ಒಳ್ಳೇದೊಂದು ಕೈಲೇ ಇರುವಾಗ ಎಸೆಯೋದ್ಯಾಕೆ? ಕೋನಿನ ಸುತ್ತ ಇರೋ ಸ್ಪಂಜಿನ ಅಂಚು ವರ್ಷಗಳಲ್ಲಿ ಪುಡಿಯಾಗುತ್ತೆ, ಬದಲಾಯಿಸಬಹುದು. ಒಳಗಿನ ಕೆಪಾಸಿಟರ್ ಒಣಗುತ್ತೆ, ಅದನ್ನೂ ಬದಲಾಯಿಸಬಹುದು. ಮಳೆಗಾಲದ ಶೀತಕ್ಕೆ ಕಾಗದದ ಕೋನು ಬೂಸ್ಟು ಹಿಡಿಯುತ್ತೆ, ಗೋಡೆಯಿಂದ ಒಂದಡಿ ಈಚೆಗಿಟ್ಟು ಆಗಾಗ ಹಾಡಿಸ್ತಾ ಇದ್ರೆ ಸಾಕು. ಕಾಯಿಲ್ ಸುತ್ತೋಕೆ, ಕೋನು ಕೂರಿಸೋಕೆ ಬಲ್ಲವರು ಬೇಕಾದ್ರೆ ಮೈಕ್ ಸೆಟ್‌ನವರನ್ನ ಕೇಳಿ. ಜಾತ್ರೆ ಸೀಸನ್ನಿನಲ್ಲಿ ಅವರ ಕಾಯಿಲ್ ಸುಡ್ತಾನೇ ಇರುತ್ತೆ.

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿ 2023ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದಾಗ ಊರಿಗೇ ಹೆಮ್ಮೆಯಾಯ್ತು, ನನಗೂ. ಅಲ್ಲಿನ ಮದನಿಕೆಯರಲ್ಲಿ ವಾದ್ಯ ನುಡಿಸೋರಿದ್ದಾರೆ. ಆ ಕಲ್ಲಿನ ವಾದ್ಯವನ್ನ ನೋಡಿ ಬೆರಗಾಗೋ ನಾವು, ನಿಜವಾದ ವೀಣೆಯ ತಂತಿ ಮೀಟಿದ ಮೇಲೆ ಉಳಿಯೋ ಆ ಸಣ್ಣ ಅನುರಣನ ಕೇಳಿಸೋ ಪೆಟ್ಟಿಗೆಯನ್ನ ಕಿಲೋ ಲೆಕ್ಕದಲ್ಲಿ ಮಾರ್ತೀವಿ. ಕಣ್ಣಿಗಿರೋ ಮರ್ಯಾದೆ ಕಿವಿಗೆ ಯಾಕಿಲ್ಲ?

ನಿಮ್ಮನೆ ಅಟ್ಟದಲ್ಲೂ ಒಂದು ಜೋಡಿ ಇರಬಹುದು. ಗುಜರಿಯವನನ್ನ ಕರೆಯೋ ಮುಂಚೆ ಧೂಳು ಒರೆಸಿ, ಎರಡು ವೈರು ಸಿಕ್ಕಿಸಿ, ಪರಿಚಯದ ದನಿಯೊಂದನ್ನ ಸಣ್ಣಗೆ ಹಾಕಿ ಕೇಳಿ. ಆಮೇಲೂ ಬೇಡ ಅನ್ನಿಸಿದ್ರೆ ನನಗೊಂದು ಮಾತು ಹೇಳಿ, ಮನೆಯವಳ ಬೈಗುಳಕ್ಕೆ ನಾನು ತಯಾರು :)