ತಂದೆಯ ಕೈಯ ಜಡೆ

ನಮ್ಮ ಬೀದಿಯ ಗೃಹಸ್ಥರೊಬ್ಬರ ಪತ್ನಿ ಮೂರು ವರ್ಷಗಳ ಹಿಂದೆ ತೀರಿಕೊಂಡರು. ಉಳಿದವರು ಎಂಟು ಮತ್ತು ಐದು ವರ್ಷದ ಇಬ್ಬರು ಹೆಣ್ಣುಮಕ್ಕಳು. ತಿಥಿಯ ಊಟ ಮುಗಿದು ನೆಂಟರು ಹೊರಡುವ ಮುನ್ನ ಎದ್ದ ಪ್ರಶ್ನೆ ಅಡಿಗೆಯದಲ್ಲ, ಪಾಠದ್ದಲ್ಲ, ಮಕ್ಕಳ ತಲೆಯದು. ದಿನವೂ ಇಬ್ಬರಿಗೂ ಎರಡೆರಡು ಜಡೆ ಹಾಕುವವರಾರು, ಕೂದಲು ಕತ್ತರಿಸಿಬಿಡಿ ಎಂದರು ಹಿರಿಯರೊಬ್ಬರು. ಚಿಕ್ಕವಳನ್ನಾದರೂ ತಮ್ಮ ಮನೆಗೆ ಕಳುಹಿಸಬೇಕೆಂದರು ಮಕ್ಕಳ ಸೋದರತ್ತೆ. ಎರಡೂ ಒಳ್ಳೆಯ ಮನಸ್ಸಿನಿಂದ ಬಂದ ಮಾತುಗಳೇ. ಗೃಹಸ್ಥರು ಎರಡನ್ನೂ ಒಪ್ಪಲಿಲ್ಲ. ತಾಯಿ ಬೆಳೆಸಿದ ಕೂದಲಿಗೆ ತಾಯಿ ಹೋದ ತಿಂಗಳಲ್ಲಿಯೇ ಕತ್ತರಿಯಿಡಲು ತಮಗೆ ಕೈ ಬಾರದು ಎಂದರಂತೆ.

ಮೊದಲು ಅವರು ಕಿಟಕಿಯ ಸರಳಿಗೆ ಮೂರು ಹುರಿಗಳನ್ನು ಕಟ್ಟಿ ಹೆಣೆಯುವುದನ್ನು ಅಭ್ಯಾಸಮಾಡಿದರು. ಆದರೆ ಹುರಿಗೆ ನೋವಿಲ್ಲ; ಅದು ಶಾಲೆಗೆ ಹೊತ್ತಾಯಿತೆಂದು ಅಳುವುದಿಲ್ಲ. ಬೈತಲೆ ಸೊಟ್ಟಗಾಯಿತು, ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಬಳಿ. ಮಧ್ಯಾಹ್ನದ ವೇಳೆಗೆ ಟೇಪು ಬಿಚ್ಚಿಹೋಗಿ, ಶಾಲೆಯಲ್ಲಿ ಹುಡುಗಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದೂ ಉಂಟು. ತಾಯಿಯಿಲ್ಲದ ಮಗುವಿನ ಶಿಸ್ತನ್ನು ಜಡೆಯಿಂದ ಅಳೆಯುವವರ ವಿಷಯದಲ್ಲಿ ಹೆಚ್ಚು ಬರೆಯದಿರುವುದೇ ಲೇಸು.

ದಾರಿ ತೋರಿದವಳು ಬೀದಿಯ ತಿರುವಿನಲ್ಲಿ ಹೂ ಮಾರುವ ಮುದುಕಿ. “ಬುಡದಿಂದ ಯಾಕಪ್ಪ ಎಳೀತೀಯ? ತುದಿಯಿಂದ ಬಿಡಿಸ್ಕೊಂಡು ಬಾ” ಎಂದಳು. ಸಿಕ್ಕಿನ ಮೇಲ್ಭಾಗವನ್ನು ಎಡಗೈಯ ಮುಷ್ಟಿಯಲ್ಲಿ ಹಿಡಿದರೆ ಎಳೆತವೆಲ್ಲ ಮುಷ್ಟಿಗೇ ತಗಲುತ್ತದೆ, ಮಗುವಿನ ಬುಡಕ್ಕೆ ತಗಲುವುದಿಲ್ಲ. ಒದ್ದೆ ಕೂದಲನ್ನು ಬಿಗಿಯಬಾರದು. ಅಗಲ ಹಲ್ಲಿನ ಬಾಚಣಿಗೆ ಮೊದಲು, ಸಣ್ಣ ಹಲ್ಲಿನದು ಕೊನೆಗೆ. ಎಣ್ಣೆ ಅಂಗೈಗೆ, ಅಂಗೈಯಿಂದ ಕೂದಲಿಗೆ. ಎಷ್ಟೋ ತಾಯಂದಿರಿಗೆ ಇದು ತಾವು ಬಲ್ಲ ವಿದ್ಯೆಯೆಂದೇ ತೋರಿರಲಾರದು.

ಇದು ಹೆಂಗಸರ ಕೆಲಸವೆನ್ನುವವರಿಗೆ ನಮ್ಮದೊಂದು ಸಣ್ಣ ತಕರಾರುಂಟು. ನಮ್ಮ ಮುತ್ತಜ್ಜಂದಿರಿಗೆ ಜುಟ್ಟಿತ್ತು. ಅವರು ಅದಕ್ಕೆ ಎಣ್ಣೆಯೊತ್ತಿ, ಸಿಕ್ಕು ಬಿಡಿಸಿ, ಬಾಚಿ, ಗಂಟು ಹಾಕುತ್ತಿದ್ದರು. ಕ್ರಾಪು ಬಂದ ಮೇಲಷ್ಟೇ ಗಂಡಸಿನ ಕೈಗೆ ಈ ಮರೆವು. ಯಕ್ಷಗಾನದ ಸ್ತ್ರೀವೇಷಧಾರಿಗಳು ತಲೆತಲಾಂತರದಿಂದ ಗಂಡಸರೇ. ಅವರ ತುರುಬು ಜಡೆಗಳಲ್ಲಿ ನಾವು ಕುಂದು ಕಂಡವರಲ್ಲ. ಭಟ್ಟನಾರಾಯಣನ ‘ವೇಣೀಸಂಹಾರ’ದಲ್ಲಿ ದ್ರೌಪದಿಯ ಮುಡಿ ಕಟ್ಟುವ ಪ್ರತಿಜ್ಞೆ ಮಾಡಿದವನು ಭೀಮಸೇನ! ಆ ಮುಡಿಗೆ ಒಂದು ಯುದ್ಧವೇ ಬೇಕಾಯಿತು. ನಮ್ಮ ಗೃಹಸ್ಥರಿಗೆ ಅರ್ಧ ಗಂಟೆ ಮೊದಲು ಏಳುವುದಷ್ಟೇ ಬೇಕಾಗಿತ್ತು.

ಈಗ ಬಸ್ಸಿನ ತಂಗುದಾಣದಲ್ಲಿ ಅವರನ್ನು ಹೊಗಳುವವರುಂಟು, ಪಾಪವೆನ್ನುವವರೂ ಉಂಟು. ಅವರಿಗೆ ಎರಡೂ ಹಿಡಿಸದು. ಅವರ ಪತ್ನಿ ಅದನ್ನೇ ವರ್ಷಗಟ್ಟಲೆ ಮಾಡಿದಾಗ ಯಾರೂ ನಿಂತು ನೋಡಿರಲಿಲ್ಲ.

ಒಂದು ಸಂಗತಿಯನ್ನು ಅವರು ನಮಗೆ ಸಂಕೋಚದಿಂದಲೇ ಹೇಳಿದರು. ಜಡೆ ಹಾಕಿಸಿಕೊಳ್ಳುವ ಮಗು ಬೆನ್ನು ಮಾಡಿ ಕುಳಿತಿರುತ್ತದೆ. ಎದುರು ಕೂರಿಸಿಕೊಂಡು ಕೇಳಿದರೆ ಬಾರದ ಮಾತುಗಳು ಆಗ ತಾವಾಗಿಯೇ ಬರುತ್ತವೆ. ಒಂದು ಬೆಳಿಗ್ಗೆ ಚಿಕ್ಕವಳು ಗೋಡೆಯನ್ನು ನೋಡುತ್ತಲೇ, “ಅಪ್ಪಾ, ಅಮ್ಮನ ಧ್ವನಿ ಹೇಗಿತ್ತು ಅಂತ ನಂಗೆ ಮರ್ತೋಗ್ತಿದೆ” ಎಂದಳಂತೆ. ಕೈಯಲ್ಲಿದ್ದ ಎಳೆಗಳು ಜಾರಿದವು. ಅವರು ಅದನ್ನು ಪೂರ್ತಿ ಬಿಚ್ಚಿ, ಮತ್ತೆ ಮೊದಲಿನಿಂದ ಹೆಣೆಯುತ್ತ, ಅವಳ ಅಮ್ಮ ಅವಳನ್ನು ಹೇಗೆ ಕೂಗುತ್ತಿದ್ದಳೆಂದು ಕೂಗಿ ತೋರಿಸಿದರು. ಆ ದಿನ ಬಸ್ಸು ತಪ್ಪಿತು.

ದೊಡ್ಡವಳು ಈಗ ತನ್ನ ಜಡೆಯನ್ನು ತಾನೇ ಹಾಕಿಕೊಳ್ಳುತ್ತಾಳೆ. ತಂದೆಯ ಬೈತಲೆ ಇನ್ನೂ ಸೊಟ್ಟಗೇ ಎಂದು ಅವಳ ಆಕ್ಷೇಪ. ಚಿಕ್ಕವಳಿಗೆ ಈ ಹಬ್ಬಕ್ಕೆ ಮೊಗ್ಗಿನ ಜಡೆ ಬೇಕಂತೆ. ಮೊನ್ನೆ ಸಂಜೆ ಗೃಹಸ್ಥರು ಆ ಮುದುಕಿಯ ಬುಟ್ಟಿಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತು, ಮಲ್ಲಿಗೆಯ ಮೊಗ್ಗನ್ನು ಸೀಳದಂತೆ ಸೂಜಿಗೆ ಪೋಣಿಸುವುದನ್ನು ಕಲಿಯುತ್ತಿದ್ದರು.