ಫೋಟೊ ಎಂಬ ಸಾಕ್ಷಿಗೂ ಸಾಕ್ಷಿ ಬೇಕು

ನಮ್ಮ ತಂದೆ ತೀರಿಕೊಂಡದ್ದು 1975ರಲ್ಲಿ. ಆಗ ನನ್ನ ತಂಗಿಗೆ ಎಂಟು ವರ್ಷ. ತಂದೆಯೊಡನೆ ತಾನಿರುವ ಒಂದು ಚಿತ್ರವೂ ಅವಳ ಬಳಿ ಇಲ್ಲ. ಶಾಲಾ ಮಾಸ್ತರರಾಗಿದ್ದ ಅವರು ಸೇವಾ ಪುಸ್ತಕಕ್ಕೆಂದು ತೆಗೆಸಿದ್ದ, ಎದೆಯವರೆಗಿನ ಕಪ್ಪುಬಿಳುಪು ಭಾವಚಿತ್ರವೊಂದೇ ಮನೆಯಲ್ಲಿ ಉಳಿದಿದೆ. ‘ಅಣ್ಣ, ಈಗ ಕಂಪ್ಯೂಟರಿನಲ್ಲಿ ಏನೆಲ್ಲ ಮಾಡುತ್ತಾರಂತೆ. ನನ್ನ ಮದುವೆ ಫೋಟೊದಲ್ಲಿ ಅಪ್ಪನನ್ನು ನಿಲ್ಲಿಸಿಕೊಡಲಾದೀತೇ?’ ಎಂದು ಅವಳು ಕೇಳಿದಾಗ, ನಿವೃತ್ತಿಯ ಬಿಡುವಿನಲ್ಲಿದ್ದ ನಾನು ಒಪ್ಪಿಕೊಂಡೆ.

ಯಂತ್ರಕ್ಕೆ ಒಂದು ವಾಕ್ಯ ಬರೆದುಕೊಟ್ಟರೆ ಅದೇ ಚಿತ್ರ ರಚಿಸಿಕೊಡುವ ಕಾಲ ಇದು. ಆದರೆ ಕೆಲಸದ ಒಳಗುಟ್ಟು ತಿಳಿಯಬೇಕೆಂಬ ಹಟದಿಂದ ನಾನು ಹಳೆಯ ದಾರಿಯನ್ನೇ ಹಿಡಿದೆ. ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 1990ರ ದಶಕದ ಮಧ್ಯದಲ್ಲಿ ರೂಪಿಸಿದ ‘ಗಿಂಪ್’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪಿಂಚಣಿದಾರನಿಗೆ ಅದು ಅನುಕೂಲವೇ. ಕಲಿಯಲು ಮೂರು ವಾರ ಬೇಕಾಯಿತು. ವ್ಯಕ್ತಿಯ ಅಂಚನ್ನು ಗುರುತಿಸಿ ಕತ್ತರಿಸುವುದು ಸುಲಭ, ಕೂರಿಸುವುದು ಕಷ್ಟ. ಮದುವೆಯ ಚಿತ್ರದಲ್ಲಿ ಫ್ಲ್ಯಾಷ್ ಬೆಳಕು ಎದುರಿನಿಂದ ಬಿದ್ದಿತ್ತು. ತಂದೆಯ ಮುಖಕ್ಕೆ ಎಡಗಡೆಯ ಕಿಟಕಿಯ ಬೆಳಕಿತ್ತು. ನೆರಳು ತಿದ್ದಿದೆ. ಕಣ್ಣುಗಳ ಎತ್ತರ ಹೊಂದಿಸಿದೆ. 1991ರ ಬಣ್ಣದ ಚಿತ್ರವನ್ನೇ ಕಪ್ಪುಬಿಳುಪಿಗೆ ತಂದೆ. ಎದೆಯಿಂದ ಕೆಳಗೆ ಚಿತ್ರವಿರಲಿಲ್ಲವಾದ್ದರಿಂದ ಅವರನ್ನು ಹಿಂದಿನ ಸಾಲಿನಲ್ಲಿ, ಅಮ್ಮ ಮತ್ತು ಸೋದರಮಾವನ ಭುಜಗಳ ನಡುವೆ ನಿಲ್ಲಿಸಿದೆ. ತಂಗಿ ಅದನ್ನು ನೋಡಿ ಬಹಳ ಹೊತ್ತು ಮಾತನಾಡಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಕೆಲವು ತಿಂಗಳ ನಂತರ ಅವಳ ಮೊಮ್ಮಗ ಶಾಲೆಯ ಯೋಜನೆಗಾಗಿ ಆ ಚಿತ್ರವನ್ನು ಅಂಟಿಸಿ, ‘ಅಜ್ಜಿಯ ಮದುವೆಯಲ್ಲಿ ಮುತ್ತಾತ’ ಎಂದು ಬರೆದುಕೊಂಡು ಹೋದ. ಟೀಚರ್ ಸರಿ ಗುರುತು ಹಾಕಿ ಕಳಿಸಿದರು. ಹದಿನಾರು ವರ್ಷ ಮೊದಲೇ ಗತಿಸಿದ್ದವರು ಮದುವೆಗೆ ಬಂದಿದ್ದರೆಂಬುದು ನಮ್ಮ ಕುಟುಂಬದ ಇತಿಹಾಸದಲ್ಲಿ ದಾಖಲಾಗಿಹೋಯಿತು. ಆ ದಾಖಲೆಯ ಕರ್ತೃ ನಾನೇ.

ಈ ಕಲೆ ಹೊಸದೇನಲ್ಲ. 1865ರಲ್ಲಿ ಅಮೆರಿಕದ ಮ್ಯಾಥ್ಯೂ ಬ್ರೇಡಿ ಅವರ ಸ್ಟುಡಿಯೊದಲ್ಲಿ ತೆಗೆದ ಜನರಲ್ ಶೆರ್ಮನ್ ಮತ್ತು ಸಹ ಸೇನಾಧಿಕಾರಿಗಳ ಚಿತ್ರಕ್ಕೆ, ಅಂದು ಗೈರುಹಾಜರಾಗಿದ್ದ ಜನರಲ್ ಬ್ಲೇರ್ ಅವರನ್ನು ಆಮೇಲೆ ಸೇರಿಸಲಾಗಿತ್ತು. ಸ್ಟಾಲಿನ್ ಕಾಲದ ರಷ್ಯಾದಲ್ಲಿ ಇದರ ವಿಲೋಮ ನಡೆಯಿತು: 1940ರಲ್ಲಿ ಮರಣದಂಡನೆಗೆ ಗುರಿಯಾದ ಯೆಜೋವ್, ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ಪಕ್ಕದಲ್ಲಿದ್ದ ಚಿತ್ರದಿಂದಲೂ ಮಾಯವಾದರು. ನಮ್ಮಲ್ಲಿಯೂ 2015ರ ಡಿಸೆಂಬರಿನಲ್ಲಿ, ಪ್ರಧಾನಿಯವರು ಚೆನ್ನೈ ಪ್ರವಾಹದ ವೈಮಾನಿಕ ಸಮೀಕ್ಷೆ ನಡೆಸಿದ ಚಿತ್ರದ ಕಿಟಕಿಯೊಳಗೆ ಬೇರೊಂದು ದೃಶ್ಯವನ್ನು ಜೋಡಿಸಿದ್ದ ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ, ಟೀಕೆ ಬಂದ ಮೇಲೆ ಅದನ್ನು ಹಿಂತೆಗೆದುಕೊಂಡು ವಿಷಾದ ವ್ಯಕ್ತಪಡಿಸಬೇಕಾಯಿತು.

ಹಾಗಾದರೆ ಬದಲಾದದ್ದೇನು? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಕಾಣುವುದು ವೆಚ್ಚ. ಬ್ರೇಡಿಯವರ ಕಾಲದಲ್ಲಿ ಇದಕ್ಕೆ ನುರಿತ ಕೈ, ಕತ್ತಲಕೋಣೆ ಬೇಕಿದ್ದವು. ನನಗೆ ಮೂರು ವಾರ ಸಾಕಾಯಿತು. ಇಂದಿನ ಹುಡುಗರಿಗೆ ಮೂರು ನಿಮಿಷವೂ ಬೇಡ. ಖೋಟಾ ಸರಕು ಅಗ್ಗವಾದಾಗ ನಷ್ಟವಾಗುವುದು ಮೋಸಹೋದವನಿಗೆ ಮಾತ್ರವಲ್ಲ. ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ ತೋರಿಸಿದಂತೆ, ಒಳ್ಳೆಯದಾವುದು ಕೆಟ್ಟದ್ದಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಒಳ್ಳೆಯ ಸರಕಿಗೂ ಬೆಲೆ ಬರುವುದಿಲ್ಲ. ಚಿತ್ರಗಳ ಮಾತೂ ಅಷ್ಟೇ. ಲಂಚ ಪಡೆಯುತ್ತಿರುವ ಚಿತ್ರ ನಿಜವಾಗಿದ್ದರೂ, ‘ಇದು ಕಂಪ್ಯೂಟರ್ ಕೈವಾಡ’ ಎಂದು ಜಾರಿಕೊಳ್ಳಲು ಈಗ ದಾರಿಯಿದೆ. ಪೆಟ್ಟು ತಿಂದ ಬಡವನ ನಿಜವಾದ ಚಿತ್ರವನ್ನೂ ಅದೇ ಮಾತಿನಿಂದ ತಳ್ಳಿಹಾಕಬಹುದು. ಹೆಚ್ಚು ಆತಂಕಕಾರಿಯಾದುದು ಈ ಎರಡನೆಯದು.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆಯಿದೆ. 1990ರ ದಶಕದ ಕೊನೆಯಲ್ಲಿ, ನಾನು ಸೇವೆಯಲ್ಲಿದ್ದ ತಾಲ್ಲೂಕೊಂದರಲ್ಲಿ ಎರಡು ಹಳ್ಳಿಗಳ ತೆರೆದ ಬಾವಿಗಳ ಕಡತ ನನ್ನ ಮುಂದೆ ಬಂತು. ಎರಡಕ್ಕೂ ಫೋಟೊ ಲಗತ್ತಿಸಲಾಗಿತ್ತು. ಸ್ಥಳಕ್ಕೆ ಹೋಗದೆಯೇ ಸಹಿ ಮಾಡಿದೆ. ಒಂದೇ ಬಾವಿಯನ್ನು ಎರಡು ಬದಿಯಿಂದ ತೆಗೆದ ಚಿತ್ರಗಳವು ಎಂದು ತಿಳಿದದ್ದು ಮುಂದಿನ ಬೇಸಿಗೆಯಲ್ಲಿ, ಬಾವಿಯೇ ಇಲ್ಲದ ಹಳ್ಳಿಯ ಹೆಂಗಸರು ಖಾಲಿ ಕೊಡ ಹಿಡಿದು ಕಚೇರಿಗೆ ಬಂದಾಗ. ಹಣ ವಸೂಲಾಯಿತು, ಆ ಬೇಸಿಗೆ ಮಾತ್ರ ಅವರಿಗೆ ಮರಳಿ ಬರಲಿಲ್ಲ. ಅಲ್ಲಿ ಯಾವ ತಂತ್ರಾಂಶವೂ ಇರಲಿಲ್ಲ. ಇದ್ದದ್ದು ಸುಳ್ಳು ಶೀರ್ಷಿಕೆ ಮತ್ತು ನನ್ನ ಸೋಮಾರಿತನ.

ಆ ಪಾಠವನ್ನು ಆಡಳಿತ ಕಲಿತಂತಿಲ್ಲ. ನರೇಗಾ ಕಾಮಗಾರಿಗಳಲ್ಲಿ 2023ರ ಜನವರಿಯಿಂದ ಮೊಬೈಲ್ ಆ್ಯಪ್‌ನಲ್ಲಿ ದಿನಕ್ಕೆರಡು ಬಾರಿ ಕಾರ್ಮಿಕರ ಫೋಟೊ ತೆಗೆದು ಹಾಜರಿ ದಾಖಲಿಸುವುದನ್ನು ಕಡ್ಡಾಯಗೊಳಿಸಲಾಯಿತು. ಸಂಬಂಧವಿಲ್ಲದ ಚಿತ್ರಗಳು, ಚಿತ್ರವನ್ನೇ ಮತ್ತೆ ಚಿತ್ರ ತೆಗೆದು ಸೇರಿಸಿದವು ದಾಖಲಾಗುತ್ತಿವೆಯೆಂದು 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆಯಿತು. ಸ್ಥಳ ಪರಿಶೀಲನೆಯ ಜಾಗದಲ್ಲಿ ಫೋಟೊವನ್ನು ಕೂರಿಸಿದರೆ ಆಗುವುದು ಇದೇ.

ಮಾಡಬಹುದಾದುದೇನು? ನ್ಯಾಯಾಲಯಗಳ ದಾರಿ ಅನುಕರಣೀಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್, ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನು ಕೇಳುತ್ತದೆ. ಅದರ ನಮೂನೆಯಲ್ಲಿ ಕಡತದ ‘ಹ್ಯಾಷ್’ ಮೌಲ್ಯವನ್ನು ನಮೂದಿಸಬೇಕು. ಒಂದು ಚುಕ್ಕೆ ತಿದ್ದಿದರೂ ಆ ಮೌಲ್ಯ ಬದಲಾಗುವುದರಿಂದ, ಬಳಿಕ ನಡೆದ ಕೈವಾಡ ಸಿಕ್ಕಿಬೀಳುತ್ತದೆ. ಸರ್ಕಾರಿ ಇಲಾಖೆಗಳೂ ಹಣ ಬಿಡುಗಡೆಗೆ ಆಧಾರವಾಗುವ ಚಿತ್ರಗಳ ಮೂಲಪ್ರತಿಯನ್ನು ಹೀಗೆಯೇ ಕಾಯ್ದಿಡಬೇಕು. ಆದರೆ ತೆಗೆಯುವಾಗಲೇ ಸುಳ್ಳಾದ ಚಿತ್ರವನ್ನು ಯಾವ ಹ್ಯಾಷ್ ಹಿಡಿದೀತು? ಅದಕ್ಕೆ ಬೇಕಾದುದು ಬಾವಿಯ ಬಳಿಗೆ ನಡೆದು ಹೋಗುವ ಅಧಿಕಾರಿ ಮತ್ತು ಗ್ರಾಮಸಭೆಯಲ್ಲಿ ಎದ್ದುನಿಂತು ‘ಬಾವಿ ಎಲ್ಲಿದೆ ಸ್ವಾಮಿ?’ ಎಂದು ಕೇಳುವ ಜನ. ಶಾಲೆಗಳಲ್ಲಿ ಮಕ್ಕಳಿಗೆ ಚಿತ್ರ ತಿದ್ದುವುದನ್ನು ಕಲಿಸಿದರೂ ತಪ್ಪಿಲ್ಲ. ತಾನೇ ಒಮ್ಮೆ ನೆರಳು ತಿದ್ದಿದವನು ಇನ್ನೊಬ್ಬರ ಚಿತ್ರದಲ್ಲಿ ನೆರಳನ್ನು ಹುಡುಕುತ್ತಾನೆ.

ತಂದೆಯನ್ನು ಆ ಚಿತ್ರದಿಂದ ತೆಗೆಯಲು ನನಗೆ ಮನಸ್ಸಾಗಲಿಲ್ಲ. ತಂಗಿಯ ಮನೆಗೆ ಹೋಗಿ, ಚೌಕಟ್ಟು ಬಿಚ್ಚಿ, ಚಿತ್ರದ ಬೆನ್ನಿನ ಮೇಲೆ ಕಡತದ ಟಿಪ್ಪಣಿಯಂತೆ ಬರೆದೆ: ‘ಇದು ಜೋಡಿಸಿದ ಚಿತ್ರ. ಮದುವೆ 1991. ತಂದೆಯವರ ನಿಧನ 1975. ಮಗಳ ಕೋರಿಕೆಯಂತೆ ಮಗನು ಸೇರಿಸಿದ್ದು.’ ಕೆಳಗೆ ಸಹಿ, ತಾರೀಖು. ಪಕ್ಕದಲ್ಲಿ ನಿಂತಿದ್ದ ಹುಡುಗನಿಂದ ಅದನ್ನು ಓದಿಸಿದೆ. ಅವನು ಚಿತ್ರವನ್ನು ತಿರುಗಿಸಿ, ಮುತ್ತಾತನ ಮುಖವನ್ನು ಮೊದಲಿಗಿಂತ ಹತ್ತಿರ ಹಿಡಿದು ನೋಡಿದ.