ಕಾಡನ್ನು ಕಾಣುವ ಬಗೆ

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರವು ಬಯಲುಸೀಮೆಯ ಊರು. ಸುತ್ತಲೂ ಮಳೆ ಕಡಿಮೆಯಾದರೂ ಅಲ್ಲಿನ ದೊಡ್ಡ ಕೆರೆಯೂ ಅಡಿಕೆ ತೋಟಗಳೂ ಹೆಸರಾಗಿವೆ. ತೋಟದ ತಂಪಾದ ನೆರಳಿನಲ್ಲಿ ಬೆಳೆದ ಬಾಲಕನು ಕಾಡೆಂದರೆ ಹೀಗೆಯೇ ಇರಬಹುದೆಂದು ಊಹಿಸಿದರೆ ಆಶ್ಚರ್ಯವಿಲ್ಲ. ಆದರೆ ತೋಟವು ಮನುಷ್ಯನು ತನ್ನ ಪ್ರಯೋಜನಕ್ಕಾಗಿ ನೆಟ್ಟು ಬೆಳೆಸಿದುದು; ಕಾಡಾದರೋ ನೂರಾರು ಜಾತಿಯ ಗಿಡಮರಗಳೂ ಪ್ರಾಣಿಪಕ್ಷಿಗಳೂ ಒಂದನ್ನೊಂದು ಆಶ್ರಯಿಸಿ ಬಾಳುವ ದೊಡ್ಡ ಸಂಸಾರ. ಅದನ್ನು ಕಾಣಲು ಶಾಲೆಯ ಮಕ್ಕಳು ಪ್ರವಾಸ ಹೋಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಾರ ಜೊತೆಯಲ್ಲಿ ಹೋಗಬೇಕು? ನನ್ನ ದೃಷ್ಟಿಯಲ್ಲಿ ಇದೇ ಮುಖ್ಯವಾದ ಪ್ರಶ್ನೆ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. ಅಲ್ಲಿ ಬೆಟ್ಟದ ತಪ್ಪಲಲ್ಲಿ ಕುರುಚಲು ಕಾಡು, ಮೇಲೇರಿದಂತೆ ಎಲೆಯುದುರುವ ಕಾಡು, ಎತ್ತರದ ಕಣಿವೆಗಳಲ್ಲಿ ನಿತ್ಯಹಸುರಿನ ಶೋಲಾ ಕಾಡು ಇವೆ. ಆನೆ, ಹುಲಿ, ಕಾಟಿ, ಕರಡಿಗಳಿಗೆ ಅದು ಆಶ್ರಯ. ತಲೆಮಾರುಗಳಿಂದ ಅಲ್ಲಿ ಬಾಳಿಕೊಂಡು ಬಂದವರು ಸೋಲಿಗರು. ವಾಹನದಲ್ಲಿ ಕುಳಿತು ಅವಸರದಿಂದ ಸುತ್ತುವ ಪ್ರವಾಸಿಗೆ ಬೇಕಾದುದು ಹುಲಿಯೊಂದೇ. ಹುಲಿ ಕಾಣಿಸದಿದ್ದರೆ ‘ಕಾಡಿನಲ್ಲಿ ಏನೂ ಇರಲಿಲ್ಲ’ ಎಂದು ಅವನು ಹಿಂದಿರುಗುತ್ತಾನೆ.

ಅರಣ್ಯ ಇಲಾಖೆಯ ಅನುಮತಿ ಪಡೆದು ಸೋಲಿಗ ಹಿರಿಯರೊಬ್ಬರೊಡನೆ ನಾಲ್ಕು ಹೆಜ್ಜೆ ನಡೆದು ನೋಡಿ. ಅದೇ ಕಾಡು ಬೇರೆಯಾಗಿ ತೋರುತ್ತದೆ. ಯಾವ ಗೆಡ್ಡೆ ತಿನ್ನಲು ಯೋಗ್ಯ, ಯಾವ ಮರದಲ್ಲಿ ಜೇನು ಕಟ್ಟುತ್ತದೆ, ಈ ಹೆಜ್ಜೆಯ ಗುರುತು ಯಾವ ಪ್ರಾಣಿಯದು ಎಂಬುದನ್ನು ಅವರು ತಿಳಿಸಬಲ್ಲರು. ನೆಲ್ಲಿಕಾಯಿ ಕೊಯ್ಯುವಾಗ ಒಂದು ಪಾಲನ್ನು ಪ್ರಾಣಿಗಳಿಗಾಗಿಯೂ ಮುಂದೆ ಹುಟ್ಟುವ ಸಸಿಗಳಿಗಾಗಿಯೂ ಮರದಲ್ಲಿಯೇ ಬಿಡಬೇಕೆಂಬುದು ಅವರ ನೀತಿ. ‘ದೊಡ್ಡ ಸಂಪಿಗೆ’ ಎಂಬ ಪುರಾತನ ವೃಕ್ಷವು ಅವರಿಗೆ ದೇವರು. ಬೆಟ್ಟದ ರಂಗನಾಥನು ಸೋಲಿಗರ ಕನ್ಯೆಯನ್ನು ವರಿಸಿದ ‘ರಂಗಭಾವ’. ಮರವೂ ದೇವರೂ ನೆಂಟರಾದ ಮೇಲೆ ಕಾಡು ಪರರ ಸೊತ್ತಾಗುವುದೆಂತು?

ಇಂಥವರು ಕಾಡಿನಲ್ಲಿರುವುದು ಕಾಡಿಗೆ ಹಾನಿಯೆಂದು ಭಾವಿಸಿದ ಕಾಲವೂ ಉಂಟು. 1974ರಲ್ಲಿ ಈ ಪ್ರದೇಶವು ವನ್ಯಜೀವಿಧಾಮವಾಯಿತು. ಅನೇಕ ಕುಟುಂಬಗಳು ತಮ್ಮ ಪೋಡುಗಳನ್ನು, ಎಂದರೆ ಹಾಡಿಗಳನ್ನು, ಬಿಟ್ಟು ಬರಬೇಕಾಯಿತು. ಒಣಗಿದ ತರಗೆಲೆಯನ್ನು ಮಾತ್ರ ಹದವರಿತು ಸುಡುತ್ತಿದ್ದ ‘ತರಗು ಬೆಂಕಿ’ಯ ಪದ್ಧತಿಯೂ ನಿಂತಿತು. ಆ ಬಳಿಕವೇ ಲಂಟಾನ ಕಳೆಯು ಕಾಡನ್ನೆಲ್ಲ ಆವರಿಸಿ, ಪ್ರಾಣಿಗಳಿಗೆ ಮೇವಾಗಿದ್ದ ಹುಲ್ಲನ್ನು ಅಡಗಿಸಿತೆಂದು ಸೋಲಿಗರು ಹೇಳುತ್ತಾರೆ. ವಿಜ್ಞಾನಿಗಳು ಈ ಮಾತನ್ನು ಗಂಭೀರವಾಗಿ ಪರಿಶೀಲಿಸಿದ್ದಾರೆ. 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 2011ರಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಗಳು ದೊರೆತವು. ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದುದೂ ಅದೇ ವರ್ಷ. ಹುಲಿಗೂ ಮನುಷ್ಯನಿಗೂ ಒಂದೇ ಕಾಡಿನಲ್ಲಿ ಎಡೆಯುಂಟೆಂದು ಕಾನೂನು ಒಪ್ಪಿಕೊಂಡಂತಾಯಿತು.

ಮನುಷ್ಯನ ಸಂಚಾರವೇ ಕಾಡಿಗೆ ಕೇಡೆಂದು ಕೆಲವರು ಹೇಳಬಹುದು. ಕೂಗಾಡುತ್ತ, ಪ್ಲಾಸ್ಟಿಕ್ ಎಸೆಯುತ್ತ ಬರುವವರ ವಿಷಯದಲ್ಲಿ ಆ ಮಾತು ಸತ್ಯ. ಆದರೆ ಕಾಡನ್ನು ಅರಿತವರನ್ನೂ ಅರಿಯದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಹಾಗೆಯೇ, ನಾವು ಸೋಲಿಗರನ್ನು ಪ್ರದರ್ಶನದ ಗೊಂಬೆಗಳಂತೆ ನೋಡುವುದೂ ತರವಲ್ಲ. ಅವರ ಕುಣಿತವನ್ನು ಕಂಡು ಚಪ್ಪಾಳೆ ತಟ್ಟಿ ಬರುವುದರಿಂದ ನಮ್ಮ ಅರಿವು ಬೆಳೆಯದು. ದಾರಿ ತೋರುವವರು ಕೂಲಿಯ ಆಳಲ್ಲ, ಗುರು. ನಾವು ಪ್ರವಾಸಿಗಳಲ್ಲ, ಶಿಷ್ಯರು. ಈ ಭಾವನೆಯಿಂದ ಹೋದವನೇ ಕಾಡನ್ನು ನಿಜವಾಗಿ ಕಾಣಬಲ್ಲನು.

ಇಂಥ ಗುರುಗಳು ದೂರದ ಬೆಟ್ಟದಲ್ಲಿ ಮಾತ್ರ ಇರುವರೆಂದು ತಿಳಿಯಬೇಕಾಗಿಲ್ಲ. ಚಿತ್ರದುರ್ಗದ ಮಗ್ಗುಲಲ್ಲಿಯೇ ಜೋಗಿಮಟ್ಟಿಯ ಕಾಡಿದೆ. ಆ ಸೀಮೆಯ ಕುರಿಗಾಹಿಗಳೂ ದನಗಾಹಿಗಳೂ ಹುಲ್ಲಿನ, ಸೊಪ್ಪಿನ, ಬೇರಿನ ಗುಣವನ್ನು ಬಲ್ಲವರು. ಭೀಮಸಮುದ್ರದ ಕೆರೆಗೆ ಯಾವ ಹಕ್ಕಿ ಯಾವ ತಿಂಗಳಲ್ಲಿ ಬರುವುದೆಂದು ಊರಿನ ಹಿರಿಯರನ್ನು ಕೇಳಿ ನೋಡಿರಿ. ಅವರು ಹೇಳಿದುದನ್ನು ಬರೆದಿಟ್ಟುಕೊಳ್ಳಿರಿ. ಕೇಳುವವರಿಲ್ಲದಿದ್ದರೆ ಈ ತಿಳಿವಳಿಕೆ ಅವರೊಡನೆಯೇ ಕಣ್ಮರೆಯಾದೀತು. ಕಡಿದ ಮರದ ಜಾಗದಲ್ಲಿ ಇನ್ನೊಂದು ಸಸಿಯನ್ನು ನೆಡಬಹುದು. ಮರೆತುಹೋದ ಅರಿವನ್ನು ಮತ್ತೆ ನೆಡುವುದು ಸುಲಭವಲ್ಲ.